ಜೀವ ಉಳಿಸುವ ಸಾಮಾನು ಟಾಪ್ ಮಾಡೆಲ್‌ಗೆ ಮಾತ್ರ ಯಾಕೆ?

ಶಿರಸಿಯ ನಿವೃತ್ತ ಮಾಸ್ತರರಿಗೆ ನಮಸ್ಕಾರ.

ಹೊಸ ಕಾರುಗಳಲ್ಲಿ ಸುರಕ್ಷತೆಯ ಸಾಧನಗಳನ್ನು ಸರ್ಕಾರ ಕಡ್ಡಾಯ ಮಾಡಲೇಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮಗೆ ಅದು ಸರಿ ಕಂಡಿಲ್ಲ. ದುಡ್ಡು ಕೊಡುವವನು ನಾನು, ಏನು ಬೇಕು ಅಂತ ನಾನೇ ನೋಡಿಕೊಳ್ಳುತ್ತೇನೆ, ಸರ್ಕಾರ ಮೊದಲು ರಸ್ತೆ ನೆಟ್ಟಗೆ ಮಾಡಲಿ ಅಂದಿದ್ದೀರಿ. ದೇವಿಮನೆ ಘಟ್ಟವನ್ನು ಇಷ್ಟು ವರ್ಷ ಇಳಿದಿದ್ದು ಕೈಕಾಲಿನ ಹದದಿಂದಲೇ ಹೊರತು ಯಂತ್ರದಿಂದಲ್ಲ ಅಂತಲೂ ಬರೆದಿದ್ದೀರಿ.

ರಸ್ತೆಯ ಮಾತು ಪೂರ್ತಿ ಒಪ್ಪಿದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಇದಕ್ಕೆಲ್ಲ ಯಾವ ಏರ್‌ಬ್ಯಾಗೂ ಉತ್ತರ ಅಲ್ಲ. ಆದರೆ ರಸ್ತೆ ಸರಿಯಾಗುವ ತನಕ ಕಾರು ಹೇಗಿದ್ದರೂ ನಡೆಯುತ್ತದೆ ಅನ್ನೋದು ಯಾವ ಲೆಕ್ಕ? ರಸ್ತೆ ಕೆಟ್ಟಿದ್ದರೆ ಕಾರು ಇನ್ನೂ ಗಟ್ಟಿ ಇರಬೇಕು, ಅಲ್ವಾ?

ಈಗ ನಿಮ್ಮ ಘಟ್ಟಕ್ಕೇ ಬರೋಣ. ಮಳೆಗಾಲ, ತಿರುವು ದಾಟುತ್ತಿದ್ದ ಹಾಗೆ ರಸ್ತೆ ನಡುವೆ ದನ. ಎಂಥಾ ಪಳಗಿದ ಕಾಲಾದರೂ ಆ ಕ್ಷಣದಲ್ಲಿ ಬ್ರೇಕನ್ನು ಪೂರ್ತಿ ಒತ್ತಿಬಿಡುತ್ತದೆ. ಹಳೆ ಕಾರಿನಲ್ಲಿ ಚಕ್ರ ಲಾಕ್ ಆಗುತ್ತದೆ. ಆಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೇ ಜಾರುತ್ತದೆ. ಚಕ್ರ ಹೀಗೆ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಅದು ತಾನೇ ಸೆಕೆಂಡಿಗೆ ಹಲವು ಸಲ ಬ್ರೇಕ್ ಬಿಟ್ಟು ಹಿಡಿದು ಮಾಡುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ, ಸ್ಟೇರಿಂಗ್ ನಿಮ್ಮ ಮಾತು ಕೇಳುತ್ತದೆ. ಆಗ ಪೆಡಲ್ ಕಾಲಡಿ ಗಡಗಡ ಅನ್ನುತ್ತದೆ. ಎಷ್ಟೋ ಜನ ಗಾಬರಿಯಾಗಿ ಕಾಲು ಎತ್ತಿಬಿಡುತ್ತಾರೆ. ಎತ್ತಬಾರದು, ಒತ್ತಿಯೇ ಹಿಡಿಯಬೇಕು. ಕಾರು ಪಕ್ಕಕ್ಕೆ ತಿರುಗಿ ಹೋಗದಂತೆ ತಡೆಯುವ ಇಎಸ್‌ಸಿ ಇನ್ನೂ ಒಂದು ಹೆಜ್ಜೆ ಮುಂದೆ: ನಾಲ್ಕು ಚಕ್ರಗಳಲ್ಲಿ ಬೇಕಾದ ಒಂದಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ನಿಮಗಿರೋದು ಒಂದೇ ಪೆಡಲ್ ಮಾಸ್ತರೇ, ಎಷ್ಟು ಹದ ಇದ್ದರೂ ಆ ಕೆಲಸ ಕಾಲಿಂದ ಆಗೋದಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಆಸ್ಪತ್ರೆಯ ದೂರ. ಬೆಂಗಳೂರಿನಲ್ಲಿ ತಲೆಗೆ ಪೆಟ್ಟಾದವರಿಗೂ ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದವರಿಗೂ ಒಂದೇ ಅದೃಷ್ಟ ಇಲ್ಲ. ದೊಡ್ಡ ಪೆಟ್ಟು ಅಂದರೆ ಇಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ಬಿದ್ದು ನಾಲ್ಕು ಜನ ಹೋದರು. ಆ ವಿಡಿಯೊ ನೀವೂ ನೋಡಿರುತ್ತೀರಿ. ಹೀಗಿರುವಾಗ ಪೆಟ್ಟು ಬಿದ್ದ ಮೇಲಿನ ಚಿಕಿತ್ಸೆಯನ್ನು ನಂಬಿಕೊಂಡು ಕೂರೋದು ಹೇಗೆ? ಪೆಟ್ಟು ಕಡಿಮೆ ಮಾಡುವ ವ್ಯವಸ್ಥೆ ಕಾರಿನೊಳಗೇ ಇರಬೇಕು. ಆಸ್ಪತ್ರೆಯಿಂದ ದೂರ ಇರುವವರಿಗೆ ಅದು ಇನ್ನೂ ಅಗತ್ಯ.

ಆರಿಸಿಕೊಳ್ಳುವ ಹಕ್ಕು ಅಂತೀರಿ. ಯಾರದ್ದು? ಬೇಸ್ ಮಾಡೆಲ್ ತಗೊಂಡು ಟ್ಯಾಕ್ಸಿಗೆ ಬಿಟ್ಟವರು ಆರಿಸಿದ್ದು ಗೋಕರ್ಣಕ್ಕೆ ಹೊರಟ ಪ್ರಯಾಣಿಕರಿಗೂ ಸೇರಿಸಿ ಆಯಿತು. ಹಿಂದೆ ಕೂತ ಮೊಮ್ಮಗಳನ್ನು ಶೋರೂಮಿನಲ್ಲಿ ಯಾರೂ ಕೇಳಿರುವುದಿಲ್ಲ. ಇನ್ನು ನಮ್ಮ ಕಡೆ ಅಡಿಕೆ ಮಾರಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತರುವವರೇ ಎಷ್ಟು ಜನ ಇದ್ದಾರೆ! ಮೊದಲ ಮಾಲೀಕರು ಉಳಿಸಿದ ದುಡ್ಡಿಗೆ ಹತ್ತು ವರ್ಷದ ಮೇಲೆ ಇವರು ಜೀವದಿಂದ ಬೆಲೆ ತೆರಬೇಕಾ? ಇವತ್ತು ಕಡ್ಡಾಯ ಮಾಡಿದ್ದು ನಾಳೆ ಇವರ ಅಂಗಳಕ್ಕೂ ಬರುತ್ತದೆ.

ಹಿಂದೆ ಏನಾಗಿತ್ತು ನೋಡಿ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗುದ್ದಿಸಿ ಪರೀಕ್ಷೆ ಮಾಡಿತು. ದೊಡ್ಡವರ ಸುರಕ್ಷತೆಯಲ್ಲಿ ಐದೂ ಕಾರಿಗೆ ಸೊನ್ನೆ ಸ್ಟಾರ್. ಚಾಲಕರ ಏರ್‌ಬ್ಯಾಗ್ ಎಲ್ಲಾ ಹೊಸ ಕಾರಿಗೂ ಕಡ್ಡಾಯ ಆಗಿದ್ದು 2019ರಲ್ಲಿ. ಅಲ್ಲಿಯ ತನಕ ಅದು ದುಡ್ಡಿದ್ದವರ ಸಾಮಾನು. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುತ್ತೇವೆ ಅಂತ 2022ರಲ್ಲಿ ಹೇಳಿದ ಕೇಂದ್ರ ಸರ್ಕಾರ ಮುಂದಿನ ವರ್ಷ ಕೈಬಿಟ್ಟಿತು. ಆಮೇಲೆ ಕಂಪನಿಗಳೇ ಸಣ್ಣ ಕಾರಿಗೂ ಆರು ಹಾಕತೊಡಗಿದವು, 2025ರಲ್ಲಿ ಆಲ್ಟೊಗೂ ಬಂತು. ಕಾನೂನಿಲ್ಲದೆಯೂ ಆಯಿತಲ್ಲ ಅಂತ ನೀವು ಕೇಳಬಹುದು. ಆಯಿತು, ನಿಜ. ಆದರೆ ಕಾನೂನಿನ ಒತ್ತಡ, ಸ್ಟಾರ್ ರೇಟಿಂಗಿನ ಹೆದರಿಕೆ ಎರಡೂ ಬಂದ ಮೇಲೆ ಆಯಿತು. ಅಲ್ಲಿಯ ತನಕ ಮಾರಿದ ಕಾರುಗಳು ಇನ್ನೂ ನಮ್ಮ ರಸ್ತೆಯಲ್ಲೇ ಇವೆ.

ಒಂದು ಕಡೆ ಮಾತ್ರ ನಾನು ನಿಮ್ಮ ಪಕ್ಷ. ರಸ್ತೆಯ ಬಿಳಿ ಗೆರೆ ನೋಡಿ ಕಾರನ್ನು ತಾನೇ ಎಳೆಯುವ ಲೇನ್ ಅಸಿಸ್ಟ್ ಅನ್ನು ಈಗಲೇ ಕಡ್ಡಾಯ ಮಾಡಬಾರದು. ಘಟ್ಟದಲ್ಲಿ ಗೆರೆಯೇ ಇಲ್ಲದ ಕಡೆ ಅದು ಏನನ್ನು ನೋಡೀತು? ಇಲ್ಲಿ ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದನ್ನು ಮಾತ್ರ ಕಡ್ಡಾಯ ಮಾಡಲಿ.

ಬೆಲ್ಟ್ ಹಾಕದಿದ್ದರೆ ಕೂಗುವ ಬೀಪ್ ಕಿರಿಕಿರಿ ಅಂದಿದ್ದೀರಿ. ಅದರ ಬಾಯಿ ಮುಚ್ಚಿಸಲು ಬೆಲ್ಟಿನ ಬದಲು ಬಕಲ್‌ಗೆ ಸಿಕ್ಕಿಸುವ ಒಂದು ಸುಳ್ಳು ಕ್ಲಿಪ್ ಸಿಗುತ್ತದೆ, ಗೊತ್ತಿರಬಹುದು. 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅಂಥ ಕ್ಲಿಪ್ಪುಗಳನ್ನು ಸಾವಿರಗಟ್ಟಲೆ ತೆಗೆಸಿತು. ದಯವಿಟ್ಟು ಅದನ್ನು ತರಬೇಡಿ. ಬೆಲ್ಟ್ ಇಲ್ಲದೆ ಏರ್‌ಬ್ಯಾಗಿಗೆ ಎದೆಗೊಡುವುದು ತುಂಬಾ ಅಪಾಯ.

ಮಗ ಹೊಸ ಕಾರು ನೋಡುತ್ತಿದ್ದಾನೆ, ಏನು ಗಮನಿಸಬೇಕು ಅಂತ ಕೊನೆಗೆ ಕೇಳಿದ್ದೀರಿ. ನಮ್ಮ ದೇಶದ್ದೇ ಕಾರು ಸುರಕ್ಷತಾ ಪರೀಕ್ಷೆಯಾದ ಭಾರತ್ ಎನ್‌ಸಿಎಪಿಯಲ್ಲಿ ಸ್ಟಾರ್ ಎಷ್ಟು, ಇಎಸ್‌ಸಿ ಇದೆಯಾ ಕೇಳಲಿ. ಸೀಟ್ ಕವರ್ ಹಾಕಿಸುವಾಗ ನೀವೂ ಜೊತೆಗೆ ಹೋಗಿ. ಎಷ್ಟೋ ಕಡೆ ಹಿಂದಿನ ಸೀಟಿನ ಬಕಲ್‌ಗಳನ್ನು ಕವರಿನಡಿ ಹುಗಿದು ಹೊಲಿದುಬಿಡುತ್ತಾರೆ. ಅವನ್ನು ಹೊರಗೆ ತೆಗೆಸಿ, ಪ್ರತಿಯೊಂದನ್ನೂ ಕಟಕ್ ಅನ್ನುವ ತನಕ ಹಾಕಿ ನೋಡಿ. ಮುಂದಿನ ಸೀಟುಗಳಲ್ಲಿ ಸೈಡ್ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಜಾಗ ಬಿಟ್ಟ ಕವರನ್ನೇ ಕೇಳಿ.

— ಸಂಪಾದಕ