ಬರೋಸಾಗೆ ಬರುವವರಿಗೆ: ದ್ರಾಕ್ಷಿ ಕಡ್ಡಿ ಬೇಡ, ಹಳೇ ಬೂಟೂ ಬೇಡ

ವಿಜಯಪುರ ಜಿಲ್ಲೆಯ ತಿಕೋಟಾದಿಂದ ಕೇಳಿದ್ದೀರಿ: ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ ಕೊಯ್ಲಿನ ಹಂಗಾಮಿಗೆ ಕೆಲಸ ಸಿಕ್ಕಿದೆ, ಮನೆ-ಊಟ ಹೇಗೆ, ಸೆಪ್ಪೆಲ್ಟ್ಸ್‌ಫೀಲ್ಡ್ ವೈನರಿಗೆ ಅಷ್ಟು ಹೆಸರೇಕೆ, ನಮ್ಮ ತೋಟದ ನಾಲ್ಕು ಕಡ್ಡಿ ತರಬಹುದೇ ಅಂತ.

ಮನೆ ಹಂಚಿಕೊಂಡು ಇರುವುದೇ ವಾಸಿ. ಕಾರಿಲ್ಲದೆ ಇಲ್ಲಿ ಕೈಕಾಲು ಆಡುವುದಿಲ್ಲ. ಜೋಳದ ಹಿಟ್ಟು ಅಡಿಲೇಡ್‌ನಲ್ಲಿ ಸಿಗುತ್ತದೆ.

ಸೆಪ್ಪೆಲ್ಟ್ಸ್‌ಫೀಲ್ಡ್ ಶುರುವಾದದ್ದು 1851ರಲ್ಲಿ. ಯುರೋಪಿನ ಸೈಲೀಷಿಯಾದಿಂದ ವಲಸೆ ಬಂದ ಜೋಸೆಫ್ ಸೆಪ್ಪೆಲ್ಟ್ ಮೊದಲು ತಂಬಾಕು ಬೆಳೆಯಲು ನೋಡಿ, ಆಮೇಲೆ ದ್ರಾಕ್ಷಿಗೆ ತಿರುಗಿದರು. 1878ರಲ್ಲಿ ಮಗ ಬೆನ್ನೊ 500 ಲೀಟರಿನ ಒಂದು ಪೀಪಾಯಿಗೆ ವೈನ್ ತುಂಬಿಸಿ, ನೂರು ವರ್ಷ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದರು. ಅಲ್ಲಿಂದೀಚೆಗೆ ಪ್ರತಿ ವರ್ಷ ಹಾಗೇ ಇಡುತ್ತ ಬಂದಿದ್ದಾರೆ. ಹುದುಗುತ್ತಿರುವ ರಸದಲ್ಲಿ ಸಿಹಿ ಇನ್ನೂ ಉಳಿದಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗು ನಿಲ್ಲಿಸುತ್ತಾರೆ. ಅಷ್ಟು ಮದ್ಯಾಂಶದಲ್ಲಿ ಯೀಸ್ಟ್ ಬದುಕದು. ಆಮೇಲೆ ಮರದ ಸಂದಿಯಿಂದ ವರ್ಷವರ್ಷವೂ ಒಂದಿಷ್ಟು ಆವಿಯಾಗುತ್ತದೆ. ಇಲ್ಲಿನ ಹವೆ ಒಣ, ಹಾಗಾಗಿ ನೀರೇ ಹೆಚ್ಚು ಹೋಗಿ ಸಿಹಿ, ಹುಳಿ, ಮದ್ಯ ಮೂರೂ ಗಟ್ಟಿಯಾಗುತ್ತವೆ. ಕೆಂಪು ಬಣ್ಣ ಕಂದುಬಣ್ಣವಾಗಿ, ಕೊನೆಗೆ ಕಾಕಂಬಿಯಂತೆ ಲೋಟದ ಅಂಚಿಗೆ ಅಂಟುತ್ತದೆ. ದಾರಿಯುದ್ದಕ್ಕೂ ಕಾಣುವ ಸುಮಾರು 2000 ಈಚಲು ಜಾತಿಯ ಮರಗಳು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆಳುಗಳನ್ನು ಕೆಲಸದಿಂದ ತೆಗೆಯದೆ ಅವರಿಂದ ನೆಡಿಸಿದವು. ನಾನು ಬಂದ ಹೊಸದರಲ್ಲಿ ಆ ಸಾಲು ನೋಡಿಯೇ ಎದೆ ಸ್ವಲ್ಪ ಹಗುರಾಯಿತು.

ಈಗ ಕಡ್ಡಿಯ ಮಾತು. ಖಂಡಿತ ಬೇಡ. ನಿಮ್ಮದು ಡಾಗ್ರಿಜ್ ಎಂಬ ಅಮೆರಿಕ ಮೂಲದ ಬೇರಿನ ಮೇಲೆ ಕಸಿ ಕಟ್ಟಿದ ತೋಟವಿರಬೇಕು. ಇಲ್ಲಿನ ಹಳೇ ಬಳ್ಳಿಗಳು ಸ್ವಂತ ಬೇರಿನ ಮೇಲೆ ನಿಂತಿವೆ, 1843ರಲ್ಲಿ ನೆಟ್ಟ ಶಿರಾಜ್ ತಳಿಯ ಬಳ್ಳಿ ಕೂಡ ಇನ್ನೂ ಕಾಯಿ ಬಿಡುತ್ತಿದೆ. ಫಿಲೋಕ್ಸೆರಾ ಎಂಬ ಮಿಲಿಮೀಟರ್ ಗಾತ್ರದ ಬೇರುಹೇನು 1877ರಲ್ಲಿ ಪಕ್ಕದ ವಿಕ್ಟೋರಿಯಾ ರಾಜ್ಯದ ಜೀಲಾಂಗ್‌ನಲ್ಲಿ ಸಿಕ್ಕಿತು, ಇಲ್ಲಿಗೆ ಬರಗೊಟ್ಟಿಲ್ಲ. ಹತ್ತಿದ ಮೇಲೆ ಮದ್ದಿಲ್ಲ: ಕಿತ್ತು, ಹೇನು ತಡೆಯಬಲ್ಲ ಅಮೆರಿಕದ ಬೇರಿಗೆ ಕಸಿ ಮಾಡಿ ಮತ್ತೆ ನೆಡಬೇಕು. ನೂರು ವರ್ಷದ ಆ ಪೀಪಾಯಿ ಸಾಲೂ ಅಲ್ಲಿಗೆ ತುಂಡಾದೀತು.

ಹೇನು ಬೂಟಿಗಂಟಿದ ಮಣ್ಣಲ್ಲೂ ಹರಡುತ್ತದೆ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಬ್ರಷ್‌ನಿಂದ ಮಣ್ಣು ಪೂರ್ತಿ ಕೆರೆಯಿರಿ, ಆಮೇಲೆ ಬೂಟಿನ ಅಟ್ಟೆಯನ್ನು 2% ಸೋಡಿಯಂ ಹೈಪೊಕ್ಲೋರೈಟ್ (ಕ್ಲೋರಿನ್ ಬ್ಲೀಚ್) ದ್ರಾವಣದಲ್ಲಿ 60 ಸೆಕೆಂಡ್ ಅದ್ದಿಡಿ. ಕೆರೆಯದೆ ಅದ್ದಿದರೆ ಮಣ್ಣೇ ಕ್ಲೋರಿನ್ ಕುಡಿದುಬಿಡುತ್ತದೆ, ಹೇನು ಉಳಿಯುತ್ತದೆ. ಬಿಸಿಲಿಗಿಟ್ಟ ನಿನ್ನೆಯ ದ್ರಾವಣವನ್ನೂ ನಂಬಬೇಡಿ. ಬೂಟು ಹೊಸದೇ ತನ್ನಿ. ಚಾಟ್ನಿ (ಬಳ್ಳಿ ಸವರುವ) ಕತ್ತರಿ ಊರಲ್ಲೇ ಇರಲಿ, ಇಲ್ಲಿ ಚಾಟ್ನಿ ವರ್ಷಕ್ಕೊಂದೇ, ಅದೂ ಜೂನ್‌ನಿಂದ ಆಗಸ್ಟ್ ಚಳಿಯಲ್ಲಿ. ಉಪ್ಪಿನಕಾಯಿ, ಚಟ್ನಿಪುಡಿ ಏನಿದ್ದರೂ ವಿಮಾನದಲ್ಲಿ ಕೊಡುವ ಪ್ರವೇಶ ಚೀಟಿಯಲ್ಲಿ ಬರೆಯಿರಿ. ಹೋದರೆ ಡಬ್ಬಿ ಹೋದೀತು, ಬರೆಯದಿದ್ದರೆ ದಂಡ.

ಊರಿನ ಒಂದು ಕಡ್ಡಿಯನ್ನೂ ತಂದು ಹಿತ್ತಲಲ್ಲಿ ನೆಡಲಾಗಲಿಲ್ಲವೆಂಬ ಕೊರಗು ನನಗೆ ಹೋಗಿಲ್ಲ, ನಿಮಗೂ ಹೋಗಲಿಕ್ಕಿಲ್ಲ. ಆದರೂ ನಿಯಮ ಸರಿ.

ಹುದುಗುವ ತೊಟ್ಟಿಯೊಳಗೆ ಮಾತ್ರ ಯಾವತ್ತೂ ಬಗ್ಗಬೇಡಿ, ಕಾರ್ಬನ್ ಡೈಆಕ್ಸೈಡ್ ಅಲ್ಲೇ ತುಂಬಿ ನಿಂತಿರುತ್ತದೆ. ಬಿಡುವಾದಾಗ ಮೊದಲೇ ಬುಕ್ ಮಾಡಿ ಸೆಪ್ಪೆಲ್ಟ್ಸ್‌ಫೀಲ್ಡ್‌ನ ಆ ಪೀಪಾಯಿಗಳ ಉಗ್ರಾಣಕ್ಕೆ ಹೋಗಿ. ನೀವು ಹುಟ್ಟಿದ ವರ್ಷದ ಪೀಪಾಯಿಯಿಂದಲೇ ಒಂದು ಗುಟುಕು ತೆಗೆದುಕೊಡುತ್ತಾರೆ.