ಎಡಿನ್‌ಬರೋದಿಂದ ಒಂದು ದಿನಕ್ಕೆ ಹೋಗಿಬರಲು ಯಾವ ಕಡಲತೀರದ ಹಳ್ಳಿ ಒಳ್ಳೆಯದು?

ಫೋಟೋಗಷ್ಟೇ ಅಲ್ಲ, ಸ್ವಲ್ಪ ಹಳೆಯ ಕಥೆಯೂ ಇರುವ ಊರು ಬೇಕು ಅಂತ ಕೇಳಿದ್ದೀರಿ. ಕ್ರೇಲ್‌ಗೆ ಹೋಗಿ. ಡಂಡೀಯಲ್ಲಿ ಓದುತ್ತಿದ್ದ ಎರಡು ವರ್ಷದಲ್ಲಿ ನಾನು ನಾಲ್ಕು ಸಲ ಹೋಗಿದ್ದೇನೆ, ಇನ್ನೂ ಹೋಗಬೇಕು ಅನ್ನಿಸುತ್ತದೆ.

ಕ್ರೇಲ್ ಇರುವುದು ಫೈಫ್ ಸೀಮೆಯ ಪೂರ್ವದ ತುದಿಯಲ್ಲಿ. ಬಸ್ಸಿಳಿದವರು ಸಾಮಾನ್ಯವಾಗಿ ನೇರ ಬಂದರಿನ ಕಡೆ ನಡೆದುಬಿಡುತ್ತಾರೆ. ನೀವು ಮೊದಲು ಮೇಲಿನ ಮಾರ್ಕೆಟ್‌ಗೇಟ್ ಬೀದಿಯಲ್ಲಿ ಒಂದು ಸುತ್ತು ಹಾಕಿ. ಇಷ್ಟು ಸಣ್ಣ ಊರಿಗೆ ಇಷ್ಟು ಅಗಲದ ಬೀದಿ ಯಾಕೆ ಅನ್ನಿಸುತ್ತದೆ, ಅಲ್ವಾ? ಅದು ಸಂತೆಯ ಜಾಗ. 1310ರಲ್ಲಿ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಊರಿಗೆ ಸನ್ನದು ಕೊಟ್ಟು, ಭಾನುವಾರ ಸಂತೆ ನಡೆಸುವ ಹಕ್ಕನ್ನೂ ಕೊಟ್ಟ. ಚರ್ಚಿಗೆ ಹೋಗುವ ದಿನವೇ ಸಂತೆ!

ಅಲ್ಲೇ ಟಾಲ್‌ಬೂತ್ ಅನ್ನುವ ಹಳೆಯ ಗೋಪುರವಿದೆ. ತಲೆಯೆತ್ತಿ ತುದಿ ನೋಡಿ. ಗಾಳಿಯ ದಿಕ್ಕು ತೋರಿಸಲು ತಿರುಗುವ ಬೊಂಬೆ ಬೇರೆ ಕಡೆಯಂತೆ ಹುಂಜವಲ್ಲ, ಮೀನು. ಹ್ಯಾಡಕ್ ಮೀನನ್ನು ಒಣಗಿಸಿ ಮಾರುವುದು ಈ ಊರಿನ ಕಸುಬಾಗಿತ್ತು, ಆ ಒಣಮೀನಿಗೆ 'ಕ್ರೇಲ್ ಕೇಪನ್' ಅಂತಲೇ ಹೆಸರು. ಗೋಪುರದ ಗಂಟೆಯ ಮೇಲೆ 1520 ಅಂತಿದೆ, ಅದು ಹಾಲೆಂಡಿನದು. ಅಲ್ಲಿಗೆ ಮೀನು, ಉಪ್ಪು ಕೊಂಡೊಯ್ದ ಹಡಗುಗಳು ವಾಪಸ್ಸು ಬರುವಾಗ ತೂಕಕ್ಕೆ ಕೆಂಪು ಹೆಂಚು ತುಂಬಿಕೊಂಡು ಬರುತ್ತಿದ್ದವು. ಈ ಕರಾವಳಿಯ ಮನೆಗಳಿಗೆಲ್ಲ ಕೆಂಪು ಹೆಂಚು ಬಂದಿದ್ದು ಹಾಗೆ. ನಮ್ಮ ಮಂಗಳೂರು ಹೆಂಚಿನಂತೆ ಚಪ್ಪಟೆಯಲ್ಲ, ಅಲೆಯ ಹಾಗೆ ಬಾಗಿರುತ್ತದೆ.

ಚರ್ಚಿನ ಹತ್ತಿರ ಒಂದು ದೊಡ್ಡ ನೀಲಿ ಕಲ್ಲಿದೆ. ಸೈತಾನ ಎದುರಿನ ಮೇ ದ್ವೀಪದಿಂದ ಚರ್ಚಿಗೆ ಗುರಿಯಿಟ್ಟು ಎಸೆದ, ಗುರಿ ತಪ್ಪಿತು ಅನ್ನುವುದು ಊರವರ ಕಥೆ. ಇದೇ ಚರ್ಚಿನಲ್ಲಿ 1559ರಲ್ಲಿ ಜಾನ್ ನಾಕ್ಸ್ ಪ್ರವಚನ ಮಾಡಿದ್ದು. ಸ್ಕಾಟ್ಲೆಂಡಿನ ಧರ್ಮಸುಧಾರಣೆಯ ದೊಡ್ಡ ನಾಯಕ ಆತ.

ಆಮೇಲೆ ಬಂದರಿಗೆ ಇಳಿಯಿರಿ. ಕಡಿದಾದ ಕಲ್ಲುಹಾಸಿನ ದಾರಿ, ಕೆಳಗೆ ಪುಟ್ಟ ದೋಣಿಗಳು, ಗೋಡೆಯ ಪಕ್ಕ ಸಿಗಡಿ-ಏಡಿ ಹಿಡಿಯುವ ಬುಟ್ಟಿಗಳ ರಾಶಿ. ಬೇಸಿಗೆಯಲ್ಲಿ ಬೇಯಿಸಿದ ಏಡಿ, ಲಾಬ್‌ಸ್ಟರ್ ಮಾರುವ ಸಣ್ಣ ಗೂಡಂಗಡಿ ತೆರೆದಿದ್ದರೆ ಬಿಡಬೇಡಿ. ನೀರು ಇಳಿದಾಗ ಬಂದರು ಬರೀ ಕೆಸರಾಗಿ ಕಾಣುತ್ತದೆ, ಹಾಗಾಗಿ ಭರತದ ಹೊತ್ತು ನೋಡಿಕೊಂಡು ಹೋಗಿ.

ಕಾಲಿಗೆ ಶಕ್ತಿಯಿದ್ದರೆ ಕಡಲಂಚಿನ ಕಾಲುದಾರಿಯಲ್ಲಿ ಆನ್‌ಸ್ಟ್ರಥರ್ ತನಕ ನಡೆಯಿರಿ. ಸುಮಾರು 6 ಕಿಲೋಮೀಟರ್. ನಡುವೆ ಕೇಪ್ಲಿ ಗುಹೆಗಳು ಸಿಗುತ್ತವೆ, ಗೋಡೆಯ ಮೇಲೆ ಹಳೆಯ ಕ್ರೈಸ್ತರು ಕೆತ್ತಿದ ಶಿಲುಬೆಗಳಿವೆ. ಮೇ ದ್ವೀಪಕ್ಕೆ ದೋಣಿ ಹೊರಡುವುದು ಆನ್‌ಸ್ಟ್ರಥರ್‌ನಿಂದ. ಮೇ, ಜೂನ್, ಜುಲೈನಲ್ಲಿ ಅಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಸಾವಿರಾರು ಇರುತ್ತವೆ. ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಂಡರೆ ಒಳ್ಳೆಯದು.

ಕ್ರೇಲ್‌ಗೆ ರೈಲು 1965ರಲ್ಲೇ ನಿಂತಿತು. ಲೂಕರ್ಸ್ ತನಕ ರೈಲು, ಅಲ್ಲಿಂದ ಸೇಂಟ್ ಆಂಡ್ರೂಸ್‌ಗೆ ಬಸ್ಸು, ಮತ್ತೆ ಇನ್ನೊಂದು ಬಸ್ಸು. ಬೇಸಿಗೆಯಲ್ಲೂ ಗಾಳಿ ಜೋರು, ಜರ್ಕಿನ್ ಮರೆಯಬೇಡಿ.