ಗಾಲ್ಫ್ ಗ್ರೀನ್ ಮೇಲೆ ಹಾಕಲು ಎಂ-ಸ್ಯಾಂಡ್ ಒಳ್ಳೆಯದಾ, ನದಿ ಮರಳಾ?

ಗ್ರೀನ್ (ಗುಂಡಿಯ ಸುತ್ತ ಹುಲ್ಲು ತೀರಾ ಗಿಡ್ಡಗೆ ಕತ್ತರಿಸಿದ, ಚೆಂಡು ಉರುಳಿಸುವ ಜಾಗ) ಮೆತ್ತಗಾಗಿದೆ, ಕಾಲಿಟ್ಟರೆ ಹಾಸಿಗೆ ತುಳಿದ ಹಾಗಿದೆ, ಯಾವ ಮರಳು ತರಿಸಲಿ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಲೋಡು ಹೇಳಬೇಡಿ. ಬೆಂಗಳೂರಿನ ಹೊರಗೆ ಒಂಬತ್ತು ಹೋಲ್‌ನ ಒಂದು ಕೋರ್ಸಿನಲ್ಲಿ ಗ್ರೀನ್ ನೋಡಿಕೊಳ್ಳುತ್ತಿದ್ದಾಗ ನನಗೂ ಇದೇ ಯೋಚನೆ ಬಂದಿತ್ತು. ಅವಸರದಲ್ಲಿ ಆರಿಸಿದ ಮರಳು ನನ್ನ ಎರಡು ವರ್ಷ ತಿಂದಿತು.

ನಮ್ಮದು ಟಿಫ್‌ಡ್ವಾರ್ಫ್ ಹುಲ್ಲು, ಗಣಪತಿಗೆ ಏರಿಸುವ ಗರಿಕೆಯ ಮಿಶ್ರತಳಿ. ಗರಿಕೆ ಗೊತ್ತಲ್ವಾ, ತನ್ನ ಮೇಲೆ ತಾನೇ ಹಬ್ಬುತ್ತದೆ. ಹಳೇ ಕಾಂಡ, ಬೇರು ಬುಡದಲ್ಲಿ ಕೂತು ಥ್ಯಾಚ್ ಆಗುತ್ತದೆ. ಆ ಮೆತ್ತೆಯೊಳಗೆ ಮರಳು ಬೆರೆತರೆ ನೆಲ ಗಟ್ಟಿಯಾಗುತ್ತದೆ, ನೀರು ಇಳಿಯುತ್ತದೆ. ಅಷ್ಟು ನನಗೂ ಗೊತ್ತಿತ್ತು.

ಆದರೆ ನಾವು ಹಾಕುತ್ತಿದ್ದ ದಪ್ಪ ಮರಳು ಎರಡು ದಿನ ಹುಲ್ಲಿನ ಮೇಲೇ ಕೂತಿರುತ್ತಿತ್ತು. ಚೆಂಡು ಅಡ್ಡಾದಿಡ್ಡಿ ಓಡುತ್ತಿತ್ತು, ಮೋವರ್ ಬ್ಲೇಡು ಮೊಂಡಾಗುತ್ತಿತ್ತು, ಸದಸ್ಯರು ದಿನಾ ದೂರುತ್ತಿದ್ದರು. ಕ್ಲಬ್ಬಿನ ಕಟ್ಟಡದ ಕೆಲಸಕ್ಕೆ ಪಿ-ಸ್ಯಾಂಡ್ ಬಂದಿತ್ತು, ಗೋಡೆಗೆ ಗಾರೆ ಮಾಡುವ ಸಣ್ಣ ಮರಳು. ಒಂದು ಬಾಂಡ್ಲಿ ಹಾಕಿ ಪೊರಕೆ ಆಡಿಸಿದೆ. ಐದು ನಿಮಿಷದಲ್ಲಿ ಹುಲ್ಲಿನೊಳಗೆ ಇಳಿದು ಹೋಯಿತು. ಅದನ್ನೇ ಹದಿನೈದು ದಿನಕ್ಕೊಮ್ಮೆ, ಒಂದು ಮಿಲಿಮೀಟರಿಗಿಂತ ಕಡಿಮೆ, ಎಂಟು ತಿಂಗಳು ಹಾಕಿದೆ. ಬೇಸಿಗೆಯಲ್ಲಿ ಗ್ರೀನ್ ಕೇರಂ ಬೋರ್ಡಿನ ಹಾಗಿತ್ತು. ಎಲ್ಲರೂ ಹೊಗಳಿದರು.

ತಪ್ಪು ಎಲ್ಲಿ ಅಂದರೆ, ಕೆಳಗೆ ದಪ್ಪ ಮರಳು, ಮೇಲೆ ಅರ್ಧ ಇಂಚು ಸಣ್ಣ ಮರಳು. ಮೇಲಿನ ನೀರು ಸುಲಭವಾಗಿ ಕೆಳಗೆ ಹೋಗುತ್ತದೆ ಅಂತ ನಮಗೆ ಅನಿಸುತ್ತದೆ. ಹೋಗಲ್ಲ. ಒದ್ದೆ ಸ್ಪಂಜನ್ನು ಜಲ್ಲಿಯ ಮೇಲಿಟ್ಟು ನೋಡಿ, ನೀರು ಸ್ಪಂಜಿನಲ್ಲೇ ನಿಲ್ಲುತ್ತದೆ. ಸಣ್ಣ ಕಣಗಳ ನಡುವಿನ ಸಂದು ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಪೂರ್ತಿ ತುಂಬುವ ತನಕ ಬಿಡಲ್ಲ. ಅಲ್ಲಿ ಗಾಳಿಗೆ ಜಾಗ ಇರಲ್ಲ. ಬೇರು ಆ ಗಡಿಯಲ್ಲೇ ನಿಂತುಬಿಡುತ್ತದೆ. ಜೂನ್ ಮಳೆ ಹಿಡಿದ ಮೂರನೇ ವಾರಕ್ಕೆ ಹುಲ್ಲು ಹಳದಿಯಾಯಿತು. ಕಪ್, ಅಂದರೆ ಚೆಂಡು ಬೀಳುವ ಗುಂಡಿ, ಅದರ ಜಾಗ ಬದಲಿಸಲು ತೆಗೆದ ಮಣ್ಣಿನಲ್ಲಿ ಕಪ್ಪು ಪಟ್ಟಿ ಇತ್ತು, ಕೊಳೆತ ಮೊಟ್ಟೆಯ ವಾಸನೆ. ಆ ಪಟ್ಟಿಯ ಕೆಳಗೆ ಒಂದು ಬಿಳಿ ಬೇರೂ ಇರಲಿಲ್ಲ. ಆವತ್ತು ತುಂಬಾ ಸಂಕಟವಾಯಿತು.

ಸರಿಮಾಡುವುದು ಯಾಕೆ ನಿಧಾನ ಗೊತ್ತಾ? ಮಣ್ಣು ಕಿತ್ತು ತೆಗೆಯುವ ಅರ್ಧ ಇಂಚಿನ ಟೊಳ್ಳು ಕೊಳವೆ, ಅಂದರೆ ಟೈನ್‌ನಿಂದ ಎರಡು ಇಂಚಿಗೊಂದು ತೂತು ಹೊಡೆದರೂ ಒಂದು ಸಲಕ್ಕೆ ಬದಲಾಗುವುದು ಮೇಲ್ಮೈಯ 5% ಮಾತ್ರ. ಹುಲ್ಲು ಚೆನ್ನಾಗಿ ಬೆಳೆಯುವ ತಿಂಗಳುಗಳಲ್ಲಿ ಮತ್ತೆ ಮತ್ತೆ ತೂತು ಹೊಡೆದು, ಹೊರಬಂದ ಮಣ್ಣು ಗುಡಿಸಿ, ಹಳೇ ದಪ್ಪ ಮರಳನ್ನೇ ತುಂಬಿದೆವು. ಎರಡನೇ ಮಳೆಗಾಲದಲ್ಲೂ ಅರ್ಧ ಗ್ರೀನ್ ಮೇಲೆ ನೀರು ನಿಂತಿತ್ತು.

ಅದಕ್ಕೇ ಹೇಳುತ್ತೇನೆ, ಎಂ-ಸ್ಯಾಂಡಾ ನದಿ ಮರಳಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮರಳು ಎಲ್ಲಿಂದ ಬಂತು ಅನ್ನುವುದು ಹುಲ್ಲಿಗೆ ಬೇಕಿಲ್ಲ, ಕಣ ಎಷ್ಟು ದಪ್ಪ ಅನ್ನುವುದು ಬೇಕು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಗ್ರೀನ್ ಕಟ್ಟಲು ಕೊಟ್ಟಿರುವ ಲೆಕ್ಕದಲ್ಲಿ ಕನಿಷ್ಠ 60% ಕಣ 0.25ರಿಂದ 1 ಮಿ.ಮೀ. ಒಳಗಿರಬೇಕು. 0.15 ಮಿ.ಮೀ.ಗಿಂತ ಸಣ್ಣದು, ಜೇಡಿಯೂ ಸೇರಿ, 10% ದಾಟಬಾರದು. ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡಿನಲ್ಲಿ ಆ ಪುಡಿ 20%ವರೆಗೂ ಇರಬಹುದು ಅಂತ ಭಾರತೀಯ ಮಾನಕ 383 ಹೇಳುತ್ತದೆ. ಕಟ್ಟಡಕ್ಕೆ ಅದು ಸರಿ, ಗ್ರೀನ್‌ಗೆ ಅಲ್ಲ. ತೊಳೆದು ಜರಡಿ ಹಿಡಿದ ಎಂ-ಸ್ಯಾಂಡ್ ನಿಮ್ಮ ಗ್ರೀನ್ ಕೆಳಗಿನ ಮರಳಿಗೆ ಹೊಂದಿದರೆ ಧೈರ್ಯವಾಗಿ ಹಾಕಿ. ನದಿ ಮರಳು ಹೊಂದದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

‘ಹದಿನೈದು ದಿನಕ್ಕೊಮ್ಮೆ ಸಾಕಾ’ ಅಂತಲೂ ಕೇಳಿದ್ದೀರಿ. ಕ್ಯಾಲೆಂಡರ್ ಬಿಡಿ. ಹುಲ್ಲು ಜೋರಾಗಿ ಬೆಳೆಯುವಾಗ ಜಾಸ್ತಿ ಸಲ ಹಾಕಿ, ಡಿಸೆಂಬರ್ ಚಳಿಯಲ್ಲಿ ಸುಮ್ನೆ ಬಿಡಿ.

ನಾಳೆ ಬೆಳಿಗ್ಗೆ ಕಪ್ ಬದಲಿಸುವಾಗ ಬರುವ ಮಣ್ಣಿನ ಉಂಡೆಯನ್ನು ಹಳೇ ತೂತಿಗೆ ತುರುಕುವ ಮೊದಲು ಚಾಕುವಿನಿಂದ ಉದ್ದಕ್ಕೆ ಸೀಳಿ. ಥ್ಯಾಚ್ ಎಷ್ಟು ದಪ್ಪ, ಬೇರು ಎಷ್ಟು ಆಳ, ಬಣ್ಣ ಎಲ್ಲಿ ಬದಲಾಗಿದೆ ಅಂತ ಅಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಹಾಕಿ. ಮರಳಿನ ಮಾತು ಅದನ್ನು ನೋಡಿ ಆಡೋಣ.